ತೆಳ್ಳನೆಯ ಅಂಗಿ ಕೇಳಿದ ಗಂಡ

ಮದುವೆಯಾದಾಗಿನಿಂದ ನನ್ನ ಗಂಡ ತುಂಬು ತೋಳಿನ ಟೆರಿಕಾಟ್ ಅಂಗಿ ಬಿಟ್ಟು ಬೇರೆ ಹಾಕಿದ್ದೇ ಇಲ್ಲ. ದಾಂಡೇಲಿಯಿಂದ ಜೊಯಿಡಾ ಕಡೆಯ ಅಂಗಡಿಗಳಿಗೆ ಟೆಂಪೊದಲ್ಲಿ ಕಿರಾಣಿ ಸಾಮಾನು ಒಯ್ಯುವ ಕೆಲಸ. ಕೊಳೆ ಕಾಣಬಾರದೆಂದು ಗಾಢ ನೀಲಿ ಅಥವಾ ಕಂದು ಬಣ್ಣ. ಅಂಥವರು ಕಳೆದ ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಚಹಾ ಕುಡಿಯುತ್ತ, "ಈ ಬ್ಯಾಸಗಿಗೆ ತೆಳ್ಳಂದು ಕಾಟನ್ ಅಂಗಿ ತಗೋಬೇಕಂತ ಮಾಡೇನಿ. ಬಿಳೀದು" ಎಂದರು.

ನನಗೆ ಅಲ್ಲೇ ಅನುಮಾನ ಬಂತು. ಎರಡು ದಿನದ ಹಿಂದೆ ಮಧ್ಯಾಹ್ನ ಬರಬೇಕಾದವರು ಸಂಜೆ ಬಂದಿದ್ದರು. ಗಾಡಿ ಕೆಟ್ಟಿತ್ತು ಎಂದರು, ಆದರೆ ಕೈಗೆ ಗ್ರೀಸ್ ಹತ್ತಿರಲಿಲ್ಲ. ಅಂದಿನ ಅಂಗಿಯನ್ನು ಎಂದೂ ಇಲ್ಲದೆ ತಾವೇ ಒಗೆದು ಹಾಕಿದ್ದರು. ಐವತ್ತು ದಾಟಿದ ಗಂಡಸಿಗೆ ಬಿಳಿ ಅಂಗಿ ಯಾರಿಗೆ ತೋರಿಸಲಿಕ್ಕೆ?

ಅಂಗಿ ಕೊಳ್ಳಲು ಹಳಿಯಾಳಕ್ಕೆ ಹೊರಟಾಗ ನಾನೂ ಹೊರಟೆ. "ಬಿಸಿಲಾಗ ನೀ ಯಾಕ ಬರ್ತಿ?" ಎಂದರು. ಅನುಮಾನ ಇನ್ನೂ ಗಟ್ಟಿಯಾಯಿತು.

ಅಂಗಡಿಯ ಹಿರಿಯ ಸಾಹೇಬರು ಅಂಗಿಗಳನ್ನು ಹರವಿದರು. ಗಂಡ ಒಂದೊಂದನ್ನೂ ಬಾಗಿಲ ಬೆಳಕಿಗೆ ಹಿಡಿದು ನೇಯ್ಗೆ ನೋಡಿದರು, ಕಂಕುಳು ಸಡಿಲವಿದೆಯೇ ಎಂದು ಎಳೆದು ನೋಡಿದರು. ಇದನ್ನೆಲ್ಲ ಇವರಿಗೆ ಯಾರು ಕಲಿಸಿದರು? ಪರೀಕ್ಷೆ ಮಾಡೋಣವೆಂದು ಹೂವಿನ ಚಿತ್ತಾರದ್ದೊಂದನ್ನು ಮುಂದಿಟ್ಟೆ.

"ಇದನ್ನ ತಗೋರಿ, ಛಲೋ ಕಾಣತೀರಿ."

"ಛಲೋ ಕಾಣಾಕಲ್ಲ. ಇದು ಬೆವರು ಹೀರೂದಿಲ್ಲ."

ಅರ್ಧ ತೋಳಿನ ಬಿಳಿ ಅಂಗಿ ಹಿಡಿದು ಪರದೆಯ ಹಿಂದೆ ಹೋದರು. ಅದು ಬಿಗಿಯಾಯಿತೆಂದು ಕೂಗಿದಾಗ, ದೊಡ್ಡ ಅಳತೆಯದನ್ನು ನಾನೇ ಒಯ್ದೆ. ಅವರ ಮೊಣಕೈ ಮಡಿಕೆಯಲ್ಲಿ ನೀಲಿಗಟ್ಟಿತ್ತು. ಸುತ್ತ ಪಟ್ಟಿ ಹಚ್ಚಿ ಕಿತ್ತ ಅಂಟು.

"ಇದೇನ್ರಿ?"

ಕೈಯಲ್ಲಿದ್ದ ಅಂಗಿಯಿಂದ ತೋಳು ಮುಚ್ಚಿಕೊಂಡರು. "ಸಲೈನ್ ಹಚ್ಚಿದ್ರು. ಜೊಯಿಡಾದ ಹಾದ್ಯಾಗ ಕಣ್ಣಿಗೆ ಕತ್ತಲಿ ಬಂತು, ಅಂಗಿ ಮ್ಯಾಲೇ ವಾಂತಿ ಆತು. ಗಾಡಿ ಹೆಂಗೋ ಬಾಜೂಕ ಹಚ್ಚಿದೆ. ಚಹಾದಂಗಡಿ ಹೆಣ್ಮಗಳು ತಲಿಗೆ ನೀರು ಹಾಕಿ ದವಾಖಾನಿಗೆ ಕಳಿಸಿದ್ಲು. ಬಿಸಿಲ ಹೊಡತ ಅಂದ್ರು ಡಾಕ್ಟರು. ಸಡಿಲ ಕಾಟನ್ ಹಾಕೋ ಅಂದ್ರು."

"ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ಗಾಡಿ ಬಿಡಸ್ತಿದ್ದಿ."

ಸಿಟ್ಟು, ನಾಚಿಕೆ ಎರಡೂ ಬಂದವು. ಆಮೇಲೆ ಅಂಗಿಗಳನ್ನು ನಾನೇ ಆರಿಸಿದೆ. "ಒಗದ ಮ್ಯಾಲ ಹಿಡೀತೈತ್ರಿ, ಒಂದ ಸೈಜ್ ದೊಡ್ಡದ ತಗೋರಿ" ಎಂದ ಸಾಹೇಬರ ಮಾತು ಕೇಳಿದರೂ, ಬಟ್ಟೆ ಬೆವರು ಹೀರುತ್ತದೆಯೇ ಎಂದು ಬೆರಳು ಒದ್ದೆ ಮಾಡಿ ತಿಕ್ಕಿ ನೋಡಿದೆ. ಸಾಹೇಬರು ನಕ್ಕರು.

ಗಾಡಿ ಬಿಡಿಸಲಿಲ್ಲ. ನಸುಕಿನಲ್ಲಿ ಹೋಗಬೇಕು, ಬಿಸಿಲೇರುವ ಮೊದಲು ಮನೆ ಸೇರಬೇಕು ಎಂದು ಒಪ್ಪಿಸಿದೆ. ದಿನಾ ಬಂದವರೇ "ಆರಾಮ ಅದೇನಿ" ಎನ್ನುತ್ತಾರೆ. ನಾನು ಬೆನ್ನಮೇಲೆ ಕೈಯಾಡಿಸಿ, ಬೆವರಿನ ಉಪ್ಪು ಒಣಗಿ ಅಂಗಿ ಬಿರುಸಾಗಿದೆಯೇ ನೋಡುತ್ತೇನೆ. ಚಹಾದಂಗಡಿಯ ಆ ಹೆಣ್ಣುಮಗಳ ನಂಬರನ್ನೂ ಇವರು ಸಾಮಾನು ಹಾಕುವ ಅಂಗಡಿಯವರಿಂದ ಇಸಿದುಕೊಂಡಿದ್ದೇನೆ. ಇವರು ಅಲ್ಲಿಂದ ಹೊರಟ ಕೂಡಲೇ ಅವಳು ನನಗೆ ಫೋನ್ ಮಾಡುತ್ತಾಳೆ. ಇವರಿಗೆ ಇನ್ನೂ ಗೊತ್ತಿಲ್ಲ.