ಲೀಟರಿಗೆ ಹನ್ನೊಂದು

ಇಪ್ಪತ್ತೆರಡು ವರ್ಷ ಒಂದೇ ಮನೆಯ ಕಾರು ಓಡಿಸಿದವನಿಗೆ ಅದೇನು ಹೆದರಿಕೆ ಅಂತ ನೀವು ನಗಬಹುದು. ನಗಿ. ಜಿಯಾವುಲ್ಲಾನಿಗಂತೂ ಈಚೆಗೆ ಪೆಟ್ರೋಲ್ ಬಂಕ್ ಕಂಡರೇ ಭಯ.

ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಿಂದ ದಿನಾ ಬೆಳಿಗ್ಗೆ ಬಸ್ಸು ಹಿಡಿದು ಇಂದಿರಾನಗರದ ಭಗವಂತರಾಯರ ಮನೆಗೆ ಬರುವ ಡ್ರೈವರ್ ಅವನು. ರಾಯರು ವಿಮಾನ ಕಾರ್ಖಾನೆಯಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾದವರು, ಉಪ್ಪನ್ನೂ ಅಳೆದು ಹಾಕಿಸಿಕೊಳ್ಳುವ ಆಸಾಮಿ. ಪ್ರತಿ ಸಲ ಟ್ಯಾಂಕನ್ನು ಕಂಠಪೂರ್ತಿ ತುಂಬಿಸಬೇಕು, ಓಡಿದ ಕಿಲೋಮೀಟರನ್ನು ಹಿಡಿಸಿದ ಲೀಟರಿನಿಂದ ಭಾಗಿಸಿ ಅವರಿಗೆ ಹೇಳಬೇಕು. ಅದು ಆ ಮನೆಯ ನೇಮ. ಒಂದೇ ಹೆಸರಿನ ಮೂರು ಕಾರು ಆ ಮನೆಗೆ ಬಂದವು. ೨೦೦೩ರದ್ದು ಹನ್ನೆರಡು ಕೊಟ್ಟಿತು. ೨೦೧೨ರದ್ದು ಹದಿನೈದು ಕೊಟ್ಟಾಗ ರಾಯರು, "ಭೇಷ್ ಜಿಯಾ! ನಿನ್ನ ಕಾಲಲ್ಲಿ ಭಾರವೇ ಇಲ್ಲ ಕಣಯ್ಯ" ಎಂದು ಬಾಯ್ತುಂಬ ಹೊಗಳಿದ್ದರು. ೨೦೨೩ರದ್ದು ಗೇರು ತಾನೇ ಬದಲಾಗುವ, ಗುಂಡಿ ಒತ್ತಿದರೆ ಶುರುವಾಗುವ ಗಾಡಿ. ಕಂಪನಿಯ ಕಾಗದದ ಪ್ರಕಾರ ಹದಿನೆಂಟು ಕೊಡಬೇಕು. ಹಾಳಾದ್ದು, ಕೊಟ್ಟದ್ದು ಹನ್ನೊಂದು!

"ಹನ್ನೊಂದೇನಾ?" ಎಂದರು ರಾಯರು. ಮುಂದಿನ ಸಲ, "ಮತ್ತೆ ಹನ್ನೊಂದಾ?" ಅಷ್ಟೇ. ಬೈದಿದ್ದರೆ ಎಷ್ಟೋ ವಾಸಿ. ಎದುರು ಮನೆಯ ಡ್ರೈವರ್ ಸಂಜೀವಪ್ಪನನ್ನು ಪೆಟ್ರೋಲು ಕದ್ದನೆಂದು ಹೋದ ತಿಂಗಳಷ್ಟೇ ಬೀದಿಯವರೆಲ್ಲ ನೋಡುವಂತೆ ಓಡಿಸಿದ್ದರು. ಜಿಯಾವುಲ್ಲಾ ಅದನ್ನು ಮನೆಯಲ್ಲಿ ಹೇಳಿಕೊಂಡ. ಕದಿಯದ ಮೇಲೆ ಭಯವೇನು ಎಂದು ಹೆಂಡತಿ ಗದರಿದಳು. ಅಯ್ಯೋ, ಕದಿಯದವನಿಗೇ ತಾನೇ ಕಳ್ಳ ಅನ್ನಿಸಿಕೊಳ್ಳುವ ಭಯ!

ಆಗ ಹಳೆಯ ಬುದ್ಧಿ ಕೆರಳಿತು. ಇಳಿಜಾರು ಬಂದರೆ ಇಂಜಿನ್ ಆಫ್ ಮಾಡು, ಅದು ದೇವರು ಕೊಟ್ಟ ಪುಕ್ಕಟೆ ಪೆಟ್ರೋಲು ಎಂದು ಗಾಡಿ ಕಲಿಸಿದ ಉಸ್ತಾದ್ ಹೇಳಿದ್ದ. ಮೊದಲ ಕಾರಿನಲ್ಲಿ ಹಾಗೇ ಮಾಡುತ್ತಿದ್ದ. ಆಗ ರಸ್ತೆ ಖಾಲಿ, ಬ್ರೇಕಿನ ಗೊಡವೆಯೇ ಬರುತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ರಾಯರ ಮೊಮ್ಮಗಳು ತೇಜಶ್ರೀಯನ್ನು ಶಾಲೆಯಿಂದ ಕರೆತರುತ್ತಿದ್ದ. ಎಂಟು ವರ್ಷದ ಹುಡುಗಿ, ಹಿಂದಿನ ಸೀಟಿನಲ್ಲಿ ಒಂದೇ ಸಮನೆ ವಟವಟ. ದೊಮ್ಮಲೂರು ಫ್ಲೈಓವರ್ ಇಳಿಯುವಾಗ ಗುಂಡಿಯನ್ನು ಒತ್ತಿ ಹಿಡಿದ. ಇಂಜಿನ್ ನಿಂತಿತು, ಕಾರು ಸದ್ದಿಲ್ಲದೆ ಜಾರಿತು. ಅಷ್ಟರಲ್ಲಿ ಮುಂದಿದ್ದ ನೀರಿನ ಟ್ಯಾಂಕರ್ ತಟ್ಟನೆ ನಿಂತಿತು. ಬ್ರೇಕ್ ಒತ್ತಿದ, ಹಿಡಿಯಿತು. ಬಿಟ್ಟು ಮತ್ತೆ ಒತ್ತಿದ. ಮೂರನೆಯ ಸಲ ಪೆಡಲು ಕಲ್ಲು! ಇಂಜಿನ್ ನಿಂತ ಮೇಲೆ ಬ್ರೇಕಿಗೆ ಬಲವೆಲ್ಲಿ? ಸ್ಟಿಯರಿಂಗ್ ತಿರುಗಲೊಲ್ಲದು. ಯಾ ಅಲ್ಲಾ! ಸೀಟಿನಿಂದ ಎದ್ದು, ಎರಡೂ ಕಾಲು ಊರಿ ತುಳಿದ. ಟ್ಯಾಂಕರಿನಿಂದ ಸೋರುತ್ತಿದ್ದ ನೀರು ಬಾನೆಟ್ಟಿನ ಮೇಲೆ ಬೀಳುವಷ್ಟು ಹತ್ತಿರ ಹೋಗಿ ಕಾರು ನಿಂತಿತು.

"ಜಿಯಾ ತಾತಾ, ಗಾಡಿ ಯಾಕೆ ಸುಮ್ನಾಯ್ತು?"

ಅವನು ಮತ್ತೆ ಇಂಜಿನ್ ಶುರು ಮಾಡಿ, ನಿಧಾನವಾಗಿ ಮನೆಯ ಕಡೆ ಹೊರಟ.

ಮುಚ್ಚಿಡಬಹುದಿತ್ತು, ಮಗುವಿಗೇನೂ ತಿಳಿದಿರಲಿಲ್ಲ. ಆದರೆ ಮನೆಗೆ ಬಂದವನೇ ರಾಯರ ಮುಂದೆ ನಿಂತು ಹೇಳಿಬಿಟ್ಟ. "ನನ್ನ ಕಳ್ಳ ಅಂದ್ಕೊಂಡ್ಬಿಡ್ತೀರಾ ಅಂತ ಭಯ ಆಯ್ತು ಸಾರ್. ಮೈಲೇಜ್ ಬರ್ಲಿ ಅಂತ ಇಳಿಜಾರಲ್ಲಿ ಆಫ್ ಮಾಡ್ಬಿಟ್ಟೆ. ಬ್ರೇಕ್ ಹಿಡೀಲಿಲ್ಲ. ಪಾಪು ಒಳಗಿತ್ತು ಸಾರ್."

ರಾಯರ ಮುಖ ಬಿಳಿಚಿಕೊಂಡಿತು. "ಕಂಪನಿಯವರಿಗೆ ದೂರು ಬರೆಯೋಕೆ ಮೈಲೇಜ್ ಕೇಳ್ತಿದ್ದೆ ಕಣಯ್ಯ. ನಿನ್ನನ್ನ ಕಳ್ಳ ಅಂತ ಕನಸಲ್ಲೂ ಅಂದ್ಕೊಂಡಿರ್ಲಿಲ್ಲ." ಮೊಮ್ಮಗಳಿದ್ದ ಕೋಣೆಯತ್ತ ನೋಡಿದರು. "ನೀನು ಪೆಟ್ರೋಲು ಕದ್ದಿದ್ರೂ ಮರ್ತುಬಿಡ್ತಿದ್ದೆ ಜಿಯಾ."

"ನಾಳೆಯಿಂದ ಬರ್ಬೇಡ ಅಂತೀರಾ ಸಾರ್?"

"ಬಾ. ನಮ್ಮನ್ನ ಎಲ್ಲಿಗೆ ಬೇಕಾದ್ರೂ ಕರ್ಕೊಂಡ್ಹೋಗು. ತೇಜು ಇನ್ಮೇಲೆ ಸ್ಕೂಲ್ ವ್ಯಾನಲ್ಲಿ ಹೋಗ್ತಾಳೆ."

ಅಷ್ಟರಲ್ಲಿ ತೇಜಶ್ರೀ ಒಳಗಿನಿಂದ ಓಡಿ ಬಂದಳು. "ಜಿಯಾ ತಾತಾ, ನಾಳೆ ನಂಗೆ ಟೆಸ್ಟಿದೆ, ಲೇಟ್ ಮಾಡ್ಬೇಡಿ!"

ರಾಯರು ನೆಲ ನೋಡಿದರು. ಜಿಯಾವುಲ್ಲಾ ಅವಳಿಗೆ ಹೂಂ ಎಂದು ತಲೆಯಾಡಿಸಿ, ಕಾರಿನ ಕೀಯನ್ನು ಮೇಜಿನ ಮೇಲಿಟ್ಟು, ಬಸ್‌ಸ್ಟಾಪಿನ ಕಡೆ ನಡೆದ.