ಕೆಂಪ ತೊಳೆದ ಔಷಧಿ ಡಬ್ಬ

ಸ್ನೇಹಿತರೇ, ಇವತ್ತು ಮಧ್ಯಾಹ್ನ ಪಕ್ಕದ ಹೊಲದ ಕೆಂಪ ತನ್ನ ಈರುಳ್ಳಿಗೆ ಹುಳ ಸಾಯುವ ಔಷಧಿ ಹೊಡೆದು ಬಂದು, ಆ ಡಬ್ಬವನ್ನು ನಮ್ಮ ಮೀನಿನ ಹೊಂಡದಲ್ಲಿ ಮುಳುಗಿಸಿ ತೊಳೆಯುತ್ತಿದ್ದ.

“ಏನ್ಲಾ ಮಾಡ್ಬುಟ್ಟೆ!” ಎಂದು ಕಿರುಚಿದೆ.

“ಡಬ್ಬ ತೊಳ್ದೆ ಕಣಣ್ಣ, ಅಷ್ಟೇಯ. ಏನೂ ಆಗಕಿಲ್ಲ ಬುಡು.”

ನಮ್ಮಲ್ಲಿ ಹೊಂಡದ ನೀರು ಹಿಪ್ಪುನೇರಳೆಗೆ, ಅದರ ಸೊಪ್ಪು ರೇಷ್ಮೆಹುಳುವಿಗೆ, ಹುಳು ತಿಂದು ಉಳಿದದ್ದು ಹಸುವಿಗೆ, ಸಗಣಿ ಮತ್ತೆ ಹೊಂಡದ ಮೀನಿಗೆ. ಹೀಗೆ ಒಂದಕ್ಕೊಂದು ಜೋಡಿಸಿದರೆ ಸಣ್ಣ ರೈತ ಬದುಕಿಕೊಳ್ಳುತ್ತಾನೆ ಎಂದು, ನಮ್ಮದು ಹೊಸ ಜಿಲ್ಲೆಯಾದ ಮೇಲೆ ಚಾಮರಾಜನಗರದ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಜೋಡಿಸಿದ್ದೆ. ವಿಷಕ್ಕೂ ಅದೇ ದಾರಿ ಎಂದು ಯಾರೂ ಹೇಳಿರಲಿಲ್ಲ. ಓಡಿಹೋಗಿ ಪಂಪು ನಿಲ್ಲಿಸಿದೆ, ಹಸುವನ್ನು ದೂರ ಎಳೆದು ಕಟ್ಟಿದೆ. ಮೀನುಗಳು ಇನ್ನೂ ಆಡುತ್ತಲೇ ಇದ್ದವು. ಸ್ವಲ್ಪ ಧೈರ್ಯ ಬಂತು.

“ಏನೂ ಆಗಕಿಲ್ಲ ಅಂದ್ಯಲ್ಲ, ಒಂದು ಮೀನು ಹಿಡ್ಕೊಡ್ತೀನಿ, ತಕ್ಕೊಂಡೋಗಿ ಸಾರು ಮಾಡ್ಸು” ಎಂದೆ.

ಕೆಂಪ ಎರಡು ಹೆಜ್ಜೆ ಹಿಂದೆ ಸರಿದ. “ಇವತ್ತು ಸೋಮವಾರ ಕಣಣ್ಣ. ನಮ್ಮ ದೇವ್ರು ಮಾದಪ್ಪನ ವಾರ. ನಾವು ಮೀನು ಮುಟ್ಟಕಿಲ್ಲ.”

ಇವತ್ತು ಬುಧವಾರ, ಸ್ನೇಹಿತರೇ. ಆಗಿನಿಂದ ನಾನು ಹೊಂಡದ ದಡ ಬಿಟ್ಟು ಕದಲಿಲ್ಲ.