ನಾಗೇಶ ಕೊಟ್ಟ ರಕ್ತ

ಜ್ವರದಲ್ಲಿ ಬಡಬಡಿಸುವ ಮಾತಿಗೆಲ್ಲ ಅರ್ಥ ಹುಡುಕುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ದೆವ್ವ, ಕಣಿ ಯಾವುದನ್ನೂ ನಂಬಿದವನಲ್ಲ ನಾನು. ಇದೊಂದನ್ನು ಮಾತ್ರ ಇವತ್ತಿಗೂ ನಕ್ಕು ತಳ್ಳಿಹಾಕಲು ಆಗಿಲ್ಲ.

ಆಗ ನಾನು ಬಣಕಲ್ ಹತ್ತಿರದ ಕಾಫಿ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದೆ. ನನ್ನ ಹೆಂಡತಿ ಸುಮಿತ್ರಾಗೆ ಚಿಕ್ಕಮಗಳೂರಿನಲ್ಲಿ ಗರ್ಭಕೋಶದ ಆಪರೇಷನ್ ಆಯಿತು. ರಕ್ತ ಬಹಳ ಹೋಗಿದೆ, ಕೂಡಲೇ ಹಾಕಬೇಕು ಎಂದರು. ನನ್ನದು ಬೇರೆ ಗುಂಪು. ನಮ್ಮನ್ನು ಕರೆತಂದಿದ್ದ ಎಸ್ಟೇಟಿನ ಜೀಪ್ ಡ್ರೈವರ್ ನಾಗೇಶನದು ಹೊಂದಿತು. ಅವನು ಅಂಗಿಯ ತೋಳು ಮಡಚಿಕೊಂಡು ಒಳಗೆ ಹೋದ. ನಾನು ಹೊರಗೆ ಬೆಂಚಿನ ಮೇಲೆ ಕೂತೆ.

ಮನೆಗೆ ಬಂದ ಮೇಲೆ ನೋಡಲು ಬಂದವರ ಬಾಯಲ್ಲೆಲ್ಲ ಅವನದೇ ಹೊಗಳಿಕೆ. ಅವಳೂ "ನಾಗೇಶಣ್ಣ ಇಲ್ದಿದ್ರೆ ನಾನೆಲ್ಲಿ ಉಳೀತಿದ್ದೆ" ಎನ್ನುವಳು. ಕಡುಬು ಬೆಂದರೆ ಅವನಿಗೊಂದು ಪಾಲು. ಇಷ್ಟು ವರ್ಷ ಸಂಸಾರ ಮಾಡಿದವನು ನಾನು, ಅವಳ ಮೈಯಲ್ಲಿ ಹರಿಯುವುದು ಅವನ ರಕ್ತ! ನನಗೆ ಹೊಟ್ಟೆ ಉರಿಯುತ್ತಿತ್ತು. ಯಾರ ಹತ್ತಿರವೂ ಬಾಯಿ ಬಿಡಲಿಲ್ಲ.

ವಾರ ಕಳೆಯುವಷ್ಟರಲ್ಲಿ ಅವಳಿಗೆ ಜ್ವರ ಬಂತು, ಕಣ್ಣು ಹಳದಿಯಾಯಿತು. ಮಧ್ಯಾಹ್ನ ಗಂಜಿ ತೆಗೆದುಕೊಂಡು ಹೋದೆ. ನನ್ನನ್ನೇ ದಿಟ್ಟಿಸಿ, "ನಾಗೇಶಣ್ಣಾ, ನೀವು ಹಿಂಗೆ ಒಳಗೆಲ್ಲ ಬರ್ಬೇಡಿ ಮಾರಾಯ್ರೆ. ನಮ್ಮನೆಯವ್ರಿಗೆ ಹೊಟ್ಟೆ ಉರೀತದೆ" ಎಂದಳು.

"ನಾನು ಕಣೇ!" ಎಂದೆ.

"ಗೊತ್ತು. ಇಬ್ರೂ ಒಂದೇ" ಎಂದು ಕಣ್ಣು ಮುಚ್ಚಿದಳು.

ಆಗಲೇ ಅವಳನ್ನು ಜೀಪು ಹತ್ತಿಸಿ ಚಿಕ್ಕಮಗಳೂರಿಗೆ ಒಯ್ದೆವು. ಸಂಜೆ ಡಾಕ್ಟರು, "ಹಾಕಿದ ರಕ್ತವನ್ನ ಇವರ ಮೈ ಒಡೆದು ಹಾಕ್ತಾ ಇದೆ" ಎಂದರು. ಅವಳ ಜೀವದ ಭಯದ ನಡುವೆಯೂ ನನಗೆ ಒಳಗೆಲ್ಲೋ ತಣ್ಣಗಾಯಿತು. ಅವನದು ಅವಳಿಗೆ ಒಗ್ಗಲಿಲ್ಲವಲ್ಲ!

ಡಾಕ್ಟರು ಮುಗಿಸಿರಲಿಲ್ಲ. ಗುಂಪು ಒಂದೇ ಆದರೂ ರಕ್ತದಲ್ಲಿ ಬೇರೆ ಸಣ್ಣ ಗುರುತುಗಳಿರುತ್ತವಂತೆ. ನಮ್ಮ ಮಗಳನ್ನು ಹೊಟ್ಟೆಯಲ್ಲಿ ಹೊತ್ತಾಗಲೇ ಅಂಥದೊಂದು ಅವಳ ಮೈಗೆ ಆಗದೆ, ಮೈ ಅದನ್ನು ನೆನಪಿಟ್ಟುಕೊಂಡಿತ್ತಂತೆ. "ಮಗುವಿಗೆ ಅದು ನಿಮ್ಮಿಂದ ಬಂದಿರ್ಬೇಕು. ರಕ್ತ ಕೊಟ್ಟವರಲ್ಲೂ ಅದೇ ಇದೆ" ಎಂದರು.

ಆ ಗುರುತಿಲ್ಲದ ರಕ್ತ ಹುಡುಕಿ ಹಾಕಿದರು, ಉಳಿದಳು. ಆ ಮಧ್ಯಾಹ್ನ ಆಡಿದ್ದು ಅವಳಿಗೆ ಒಂದಿಷ್ಟೂ ನೆನಪಿಲ್ಲ. ನಾವಿಬ್ಬರೂ ಒಂದೇ ಎಂಬುದು ಡಾಕ್ಟರಿಗಿಂತ ಮೊದಲೇ ಅವಳಿಗೆ ಹೇಗೆ ಗೊತ್ತಾಯಿತೋ, ನಾನರಿಯೆ.

ನಾಗೇಶ ಈಗಲೂ ಮನೆಗೆ ಬರುತ್ತಾನೆ. ಕಾಫಿ ಲೋಟವನ್ನು ನಾನೇ ಒಯ್ದು ಕೊಡುತ್ತೇನೆ, ಅವಳ ಕೈಗೆ ಬಿಡುವುದಿಲ್ಲ. ಅವಳು ಅಡುಗೆಮನೆ ಬಾಗಿಲಲ್ಲಿ ನಿಂತು ನಗುತ್ತಾಳೆ. ನಮ್ಮಿಬ್ಬರಲ್ಲಿ ಯಾರನ್ನು ನೋಡಿ ನಗುತ್ತಾಳೆಂದು ಕೇಳಲು ನನಗೆ ಇನ್ನೂ ಧೈರ್ಯ ಬಂದಿಲ್ಲ.